ಒಂದು ವಾರದ ಮಟ್ಟಿಗೆ

ಬೆಳಗಿನ ಐದೂವರೆ. ಮೊದಲ ತಟ್ಟೆ ಡೋನಟ್ ಇನ್ನೂ ಹೊಗೆಯಾಡುತ್ತಿತ್ತು.
ಡೆಲೇನಿ ಕೊರಳಲ್ಲಿ ಒಂದು ಉಣ್ಣೆಚೀಲ ತೂಗಿಕೊಂಡು ಬಂದಳು.
'ಒಂದಲ್ಲ, ಎರಡಿವೆ. ಒಂಟಿ ಬಿಟ್ಟರೆ ಕೊರಗಿ ಕೊರಗಿ
ತನ್ನ ಬಾಲ ತಾನೇ ಕಚ್ಚಿಕೊಳ್ಳುತ್ತೆ.'
ಚೀಲದ ಬಾಯಿ ಬಿಡಿಸಿ ನೋಡಿದೆ:
ಬೂದು ತುಪ್ಪಳ, ಬೆನ್ನುದ್ದಕ್ಕೂ ಕಾಡಿಗೆಯ ಗೆರೆ,
ಯಾರ ಕಾಲು ಯಾವುದೆಂದು ತಿಳಿಯದಂತೆ
ಒಂದೇ ಉಂಡೆಯಾದ ನಿದ್ದೆ.
ಗಂಡಿನ ನೆತ್ತಿ ಬೋಳು, ನನ್ನ ಹಾಗೇ.

ಶುಗರ್ ಗ್ಲೈಡರ್ ಅಂತೆ ಹೆಸರು. ನಗು ಬಂತು.
ಫೋರ್ಟ್ ವರ್ತ್‌ನ ಈ ಮೂಲೆಯಲ್ಲಿ ಮೂವತ್ತು ವರ್ಷ
ಸಕ್ಕರೆಯಲ್ಲೇ ಕೈ ಅದ್ದಿದವನು ನಾನು,
ಕಿವಿಯ ಸಂದಿಯಲ್ಲೂ ಅದರದೇ ಪುಡಿ.
'ಡೋನಟ್ ಮಾತ್ರ ಕೊಡಬೇಡಿ ಮಿಸ್ಟರ್ ವುತ್ಥಿ,
ಕ್ಯಾಲ್ಸಿಯಂ ಕಡಿಮೆಯಾದರೆ ಹಿಂಗಾಲು ಬಿದ್ದುಹೋಗುತ್ತೆ.'

ಅಂಗೈಯಷ್ಟು ಪ್ರಾಣಿ, ರಾತ್ರಿ ಎರಡಕ್ಕೆ
ನಾಯಿಮರಿಯ ಹಾಗೆ ಬೊಗಳುತ್ತಂತೆ.
ಕೋಣೆಯ ಗೆಳತಿ ಎರಡು ಸಲ ದೂರು ಕೊಟ್ಟಿದ್ದಾಳೆ.
'ನೀವು ಹೇಗೂ ರಾತ್ರಿ ಎದ್ದೇ ಇರ್ತೀರಲ್ಲ.'
ನನ್ನ ಎಚ್ಚರಕ್ಕೆ ಈ ಊರಲ್ಲಿ ಯಾರೂ
ಅಷ್ಟು ಬೆಲೆ ಕಟ್ಟಿರಲಿಲ್ಲ.
ಒಂದು ವಾರ ಇಟ್ಟುಕೊಂಡು ನೋಡ್ತೀನಿ ಅಂದೆ.

'ವಯಸ್ಸೆಷ್ಟು?' ಸೊಕುಂತಿಯಾ ಕೇಳಿದಳು.
'ಒಂದೂವರೆ.'
'ಅವಕ್ಕಲ್ಲ, ನಿನಗೆ.'
ಹನ್ನೆರಡು ವರ್ಷ ಬಾಳುತ್ತವೆ,
ಚೆನ್ನಾಗಿ ನೋಡಿಕೊಂಡರೆ ಹದಿನೈದು, ಅಂದೆ.
'ಚೆನ್ನಾಗಿ ನೋಡಿಕೊಂಡರೆ' ಎಂದು ನನ್ನ ಮಾತನ್ನೇ ಹೇಳಿ
ಮಾತ್ರೆಯ ಡಬ್ಬಿ ನನ್ನ ಕಡೆ ತಳ್ಳಿದಳು.

ಇಂಥವನ್ನು ನೋಡುವ ವೈದ್ಯೆ ಇರುವುದು ಡೆಂಟನ್‌ನಲ್ಲಿ,
ನಲವತ್ತು ಮೈಲಿ. ಅವಳ ಒಂದು ಭೇಟಿ ಎಷ್ಟು ಡಜನ್ ಆಯ್ತು?
ಎಲ್ಲವನ್ನೂ ಡಜನ್ನಿನಲ್ಲೇ ಎಣಿಸುವವನು ನಾನು.
ಹನ್ನೆರಡು ವರ್ಷವನ್ನೂ ಹಾಗೇ ಎಣಿಸಿದೆ: ಒಂದೇ ಡಜನ್.
ಹಾಗಂದಾಗ ಗುಲಾಬಿ ಪೆಟ್ಟಿಗೆಯೊಂದರಲ್ಲಿ
ಹಿಡಿಸುವಷ್ಟೇ ಅನ್ನಿಸಿತು.
ಮುಚ್ಚಳ ಹಾಕಲು ಹೋದರೆ ಕೂರಲಿಲ್ಲ.

ಸೋಮವಾರ ಅಂಗಡಿಗೆ ರಜೆ.
ನಡುರಾತ್ರಿ ಬಚ್ಚಲುಮನೆಯ ಕದ ಹಾಕಿ,
ಕಮೋಡಿನ ಮುಚ್ಚಳ ಮುಚ್ಚಿ, ಅದರ ಮೇಲೆ ಕೂತು
ಚೀಲದ ಗಂಟು ಬಿಚ್ಚಿದೆ.
ಹೆಣ್ಣು ಪರದೆಯ ಕೋಲು ಹತ್ತಿತು.
ಕತ್ತು ಮೇಲೆ ಕೆಳಗೆ ಮಾಡಿ ದೂರ ಅಳೆಯಿತು.
ಆಮೇಲೆ ಮೈಯೆಲ್ಲ ಕರವಸ್ತ್ರವಾಗಿ ಬಿಚ್ಚಿ
ಬಂದು ಬಿದ್ದದ್ದು ನನ್ನ ಮುಖದ ಮೇಲೆ!
ಉಗುರು. ಬಿಸಿ ಹೊಟ್ಟೆ. ಕತ್ತಿನ ತುಂಬ ಉಚ್ಚೆ.
ನಾನು ಅಲುಗಲಿಲ್ಲ.
ಇಷ್ಟೊಂದು ನಂಬಿಕೆಯಿಂದ ಯಾರೂ
ನನ್ನ ಮೇಲೆ ಹಾರಿದ್ದಿಲ್ಲ.
ನಂಬಿಕೆಯಲ್ಲ ಅದು, ಬಚ್ಚಲಲ್ಲಿ ಬೇರೆ ಮರವಿರಲಿಲ್ಲ.

ಮಂಗಳವಾರ ರಾತ್ರಿ ಒಂದಕ್ಕೆ ಹಿಟ್ಟು ನಾದುವಾಗ ಹೊಳೆಯಿತು:
ನಾನು ಎದ್ದಿರುತ್ತೇನೆ, ನಿಜ. ಮನೆಯಲ್ಲಿರುವುದಿಲ್ಲ.
ವಾರದ ಆರು ರಾತ್ರಿ ನನ್ನ ಎಚ್ಚರ ಎಣ್ಣೆಬಾಣಲೆಯ ಸೊತ್ತು.
ಆ ಹೊತ್ತಿಗೆ ಮನೆಯಲ್ಲಿ ಅವು ಬೊಗಳುತ್ತಿರುತ್ತವೆ,
ಸೊಕುಂತಿಯಾ ತಲೆದಿಂಬನ್ನು ಕಿವಿಗೆ ಒತ್ತಿರುತ್ತಾಳೆ.

ಹಾಗಾದರೆ ನನ್ನ ಪಾಲಿಗೆ ಏನು?
ಬೆಳಿಗ್ಗೆ ಹತ್ತು. ದಪ್ಪ ಪರದೆ ಎಳೆದ ಕೋಣೆ,
ಪಕ್ಕದ ಮನೆಯ ಹುಲ್ಲು ಕತ್ತರಿಸುವ ಯಂತ್ರ,
ಎದೆಯ ಮೇಲೆ ಚೀಲ.
ಅದು ನನಗೆ ಭಾರವಿಲ್ಲ, ನಾನು ಅವಕ್ಕೆ ಮರವಿರಬಹುದು.
ಅವುಗಳ ಹಾರಾಟವೆಲ್ಲ ಕತ್ತಲೆಗೆ,
ಅವು ಒಂದಕ್ಕೊಂದು.
ನನಗೆ ಅವುಗಳ ನಿದ್ದೆ.
ಇಷ್ಟಕ್ಕೆ ಒಡೆಯ ಅನ್ನುತ್ತಾರೆಯೇ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ಹಿರಿಯರು.
ಕಾಲಿನ ಜೊತೆ ರೆಕ್ಕೆಯಂಥ ಚರ್ಮವೂ ಇದ್ದರೆ?

ಶುಕ್ರವಾರ ಲಟ್ಟಣಿಗೆ ಹಿಡಿದು
ಬಟ್ಟೆ ಒಗೆಯುವ ಕೋಣೆಯ ಎತ್ತರ ಅಳೆಯುತ್ತಿದ್ದೆ,
ಬರೀ ಅಳೆಯುವುದಕ್ಕೆ.
ನಾಲ್ಕು ಲಟ್ಟಣಿಗೆ, ಮೇಲೊಂದು ಗೇಣು.
ಬಾಗಿಲಲ್ಲಿ ನಿಂತ ಸೊಕುಂತಿಯಾ
ಇಸ್ತ್ರಿ ಹಲಗೆ ಎತ್ತಿ ಹಿಡಿದಿದ್ದಳು.
'ಇದನ್ನ ಎಲ್ಲಿಡಲಿ?' ಅಂದಳು,
ದನಿಯಲ್ಲಿ ಜಗಳವಿತ್ತೋ ಇಲ್ಲವೋ ತಿಳಿಯಲಿಲ್ಲ.

ಫೋನು ಮಿಣುಕಿತು. ಡೆಲೇನಿ: 'ಏನಂತೀರಿ?'
ನನ್ನ ಬೆರಳ ತುಂಬ ಹಿಟ್ಟು.