ಸಾಕು ಅನ್ನದ ಬ್ಯಾಟ್ರಿ

ಹಿಟ್ನಾಳ ಕ್ರಾಸಿನ ನನ್ನ ತಗಡಿನ ಅಂಗಡಿ ಮುಂದ
ಗಾಳೆವ್ವನ ಛೋಟಾ ಹಾಥಿ ಬಂದು ನಿಂತಾಗ
ಹಾರ್ನಿಗಿಂತ ಮೊದಲು ವಾಸನಿ ಬಂತು:
ಸುಟ್ಟ ವಾರ್ನಿಶು, ಅದರ ಬೆನ್ನಿಗೆ ಮೀನು.

'ಮತ್ತ ಡೈನಮೊ?' ಅಂದೆ.
'ಮತ್ತ,' ಅಂದ್ಲು. ಸೀಟಿನಿಂದ ಇಳೀಲಿಲ್ಲ.
ಎರಡು ತಿಂಗಳಿಗೆ ಇದು ಮೂರನೇದು.
ಮುನಿರಾಬಾದಿನಿಂದ ಕುಷ್ಟಗಿಗೆ ಡ್ಯಾಮಿನ ಕಟ್ಲ,
ಹಿಂದ ಫ್ರೀಜರು, ಫ್ರೀಜರಿನ ಮಗ್ಗಲಿಗೆ
ಹಳೇ ಕರೆಂಟ್ ಆಟೋದಾಗಿನ ನಾಲ್ಕು ಸೆಲ್ಲು ಬಿಡಿಸಿ
ಕಟ್ಟಿದ ಲಿಥಿಯಂ, ನೀಲಿ ಪೆಟ್ಟಿಗಿ,
ಒಂದು ಕೈಲೆ ಎತ್ತಬಹುದು.
ಡೈನಮೊಕ್ಕ ಅದರ ದಪ್ಪ ವೈರು ನೇರ ಎಳೆದಾಂವ ನಾನಽ.
ಮುಂದಿನ ಸೀಸದ ಬ್ಯಾಟ್ರಿ ಇನ್ನ ಯಾಕ ಅಂತ
ಗುಜರಿಗೆ ಹಾಕಿಸಿದಾಂವನೂ ನಾನಽ.
ಅದನ್ನ ಮೊದಲು ಒಪ್ಪಿಕೊಂಡುಬಿಡತೀನಿ.

ನಾ ಕಲಿತದ್ದು ಸೀಸದ ಕಾಲದಾಗ.
ಪೀರಾಹುಸೇನ ಉಸ್ತಾದರು ವೈರಿನ ತುದಿ ತಾಗಿಸಿ
ಕಿಡಿಯ ಬಣ್ಣ ನೋಡಿ ಹೇಳತಿದ್ರು
ಎಷ್ಟು ಜೀವ ಐತಿ ಅಂತ.
ಸೀಸದ್ದು ಪಂಕ್ತಿಗೆ ಕುಂತ ಹಿರೇ ಮನಶ್ಯಾ ಇದ್ದಂಗ:
ಮೊದಲು ಗಬಗಬ ಉಣತೈತಿ,
ಆಮ್ಯಾಲ ನಿಧಾನ, ಆಮ್ಯಾಲ ಎಲಿ ಮ್ಯಾಲ ಅಂಗೈ ಅಡ್ಡ,
ಸಾಕು ತಂಗಿ, ಸಾಕು, ಇನ್ನ ಮಜ್ಜಿಗಿ ತಾ.
ಬಡಿಸೋರಿಗೆ ಅಷ್ಟರಾಗ ಒಂದು ಉಸಿರು ಸಿಗತಿತ್ತು.

ಲಿಥಿಯಂಗೆ ಆ ಅಂಗೈ ಇಲ್ಲ.
ಅರವತ್ತು ಆಂಪಿಯರ್ ಬಡಿಸಿದ್ರ ಅರವತ್ತೂ.
ಕಡೀ ತುತ್ತಿಗೂ ಮೊದಲನೇ ತುತ್ತಿನ ಹಸಿವು.
ತುಂಬಿದ ಗಳಿಗಿಗೆ ಹೇಳದ ಕೇಳದ ಎದ್ದು
ಬಾಗಲಾ ಹಾಕ್ಕೊಂಡುಬಿಡತೈತಿ,
ಕುದಿಯೋ ಸಾರಿನ ಸೌಟು ಹಿಡಿದಾಕಿ ಬಗ್ಗಿದಾಗಽ.
ಆ ಸಾರು ಎಲ್ಲಿಗೆ ಹೋಗಬೇಕು?
ಬಡಿಸೋಳ ಕೈ ಮ್ಯಾಲ.
ಆರೂ ಡಯೋಡು ಬಿಚ್ಚಿ ಹಳೇ ಪೇಪರಿನ ಮ್ಯಾಲ ಇಟ್ಟೆ.
ಅತ್ತಾಗ ಇತ್ತಾಗ ಅನ್ನೋ ಭೇದ
ಒಂದರಾಗೂ ಉಳಿದಿರಲಿಲ್ಲ.

'ಓಡೋವಾಗ ಚಲೋನಽ ಇರತೈತಲ್ಲೋ ರಾಜಾಬಕ್ಷಿ.
ಕುಷ್ಟಗಿ ಬಜಾರದಾಗ ಇಂಜಿನ್ ಚಾಲೂ ಬಿಟ್ಟು
ತೂಗಾಕ ನಿಂತ್ನೆಂದ್ರ ಹೊಗಿ.'

ಡೈನಮೊದ ಬೀಸಣಿಗಿ ಅದರ ಕೊಳ್ಳಿಗೇ ಕಟ್ಟೈತಿ.
ಓಡಿದ್ರ ಗಾಳಿ. ನಿಂತ್ರ ಬೀಸಣಿಗಿ ತೂಕಡಸತೈತಿ,
ನೀಲಿ ಪೆಟ್ಟಿಗಿ ಮಾತ್ರ ಕೇಳೋದು ಬಿಡಂಗಿಲ್ಲ.
ಇಷ್ಟು ತಿಳಿಯಾಕ ನನಗ ಮೂರು ಡೈನಮೊ ಬೇಕಾತು,
ಮೂರೂ ಆಕೀವು.
'ಓಡಿ ಸುಡೋದಲ್ಲ ಯವ್ವಾ,' ಅಂದೆ, 'ನಿಂತು ಸುಡೋದು.'

ಆಕಿ ಆವಾಗ ಇಳಿದ್ಲು.
ಸೀರಿ ಅಂಚು ಒಂದು ಗೇಣು ಎತ್ತಿದ್ಲು.
ಮೀನಖಂಡದ ತುಂಬ ನೀಲಿ ನರ, ಗಂಟು ಗಂಟು,
ನಾ ಎಳೆದ ವೈರಿಗಿಂತ ದಪ್ಪ.
'ಬುಟ್ಟಿ ಹೊತ್ತು ಊರೂರು ತಿರುಗುವಾಗ
ಕಾಲು ನೆಟ್ಟಗಿದ್ವು. ಗಾಡಿ ತಗೊಂಡಮ್ಯಾಲ
ಹನ್ನೊಂದು ವರ್ಷ ನಿಂತೀನಿ.'
ಅಷ್ಟು ಹೇಳಿ ಸೀರಿ ಬಿಟ್ಟು,
ಚಹಾ ತರಸು ಅಂದ್ಲು.

ಗುಜರಿಯಿಂದ ಒಬ್ಬ ಸೀಸದ ಮುದುಕನ್ನ ಕರಕೊಂಡು ಬಂದು
ಅವನ ಜಾಗಾದಾಗ ಕುಂದ್ರಿಸಿದೆ.
ಅವನಿಗೂ ನೀಲಿ ಪೆಟ್ಟಿಗಿಗೂ ನಡುವ ಇನ್ನೊಂದು,
ಡಿಸಿ ಟು ಡಿಸಿ ಅಂತಾರ, ಮೈತುಂಬ ಅಲ್ಯುಮಿನಿಯಂ ರೆಕ್ಕಿ.
ಅಳತಿ ಸೌಟಿನಾಕಿ. ಇಪ್ಪತ್ತಕ್ಕ ಮ್ಯಾಲ ಬಡಸಂಗಿಲ್ಲ
ಒಳಗಿನಾಂವ ಎಷ್ಟಽ ಹಸದಿರಲಿ.
ಅಂವ ಎದ್ದು ಬಾಗಲಾ ಹಾಕ್ಕೊಂಡ್ರ
ಉಳಿದ ಸಾರಿಗೆ ಮುದುಕನ ಎಲಿ ಐತಿ.

ಕ್ಲಾಂಪ್ ಮೀಟರಿನಾಗ ಹತ್ತೊಂಬತ್ತು ಚಿಲ್ಲರೆ.
ಅರ್ಧ ತಾಸು ಗಾಡಿ ನಿಂತಲ್ಲೇ ಗುರುಗುಟ್ಟಿತು.
ಹೊಸ ಡೈನಮೊದ ಮ್ಯಾಲ ಅಂಗೈ ಇಟ್ಟೆ, ಉಸ್ತಾದರಂಗ.
ಹನ್ನೆರಡು ಎಣಿಸೋ ತನಕ ತಡಕೊಂತು.

ಅರ್ಧ ರೊಕ್ಕ ಕೊಟ್ಲು. ಡೈನಮೊದ್ದು ನಾ ಕೇಳಲಿಲ್ಲ.
ಉಳಿದದ್ದರಾಗ ಒಂದೂವರೆ ಕೇಜಿ ಹಿಡಿ ಅಂತ
ಕಟ್ಲ ತಗದು, ತೂಗಾಕ ನಿಂತ್ಲು.
ನಾ ಸ್ಟೂಲು ಮುಂದಕ್ಕ ಸರಿಸಿದೆ.
ಆಕಿ ಅದರ ಮ್ಯಾಲ ತಕ್ಕಡಿ ಇಟ್ಲು.