ಮುಳುಗದವನು

ನಿನ್ನೆ ರಾತ್ರಿ ನನ್ನ ಹೆಂಡತಿ
ಅಡುಗೆಮನೆಯ ಮೇಜಿನ ಮೇಲೆ ಇಬ್ಬರನ್ನು ಕೊಂದಳು.
ಮೂರನೆಯವನನ್ನು ನಾಳೆಗೆಂದು ಉಳಿಸಿ,
ಬೆಣ್ಣೆಯ ಡಬ್ಬಿ ಮುಚ್ಚಿ, ದೀಪ ಆರಿಸಿ,
ತಣ್ಣನೆಯ ಪಾದಗಳನ್ನು ನನ್ನ ಮೀನಖಂಡಕ್ಕೊತ್ತಿ
ಹಾಯಾಗಿ ಮಲಗಿದಳು.
ನಿದ್ದೆ ಬಾರದ್ದು ನನಗೆ.

ಹಗಲು ಅವಳಿಗೆ ಆಸ್ಪತ್ರೆಯ ಲಾಂಡ್ರಿ.
ಗ್ರಿಮ್ಸ್‌ಬಿಯ ಕಾಯಿಲೆಯೆಲ್ಲ
ಬಿಳಿ ಗಂಟುಗಳಾಗಿ ಅವಳ ಮುಂದೆ ಬೀಳುತ್ತದೆ.
ದಿಂಬಿನ ಚೀಲದಲ್ಲಿ ಒಮ್ಮೆ ಕನ್ನಡಕ,
ಒಮ್ಮೆ ಕಟ್ಟಿಸಿದ ಹಲ್ಲಿನ ಸಾಲು,
ಒಮ್ಮೆ ಯಾರೋ ಅರ್ಧ ಬರೆದ ಸಾಮಾನಿನ ಚೀಟಿ:
ಹಾಲು, ಬೆಂಕಿಪೊಟ್ಟಣ, ಅವನಿಗೆ ಹೇಳಬೇಡ.
ಆ ಸಂಜೆ ಅವಳ ಮುಖದಲ್ಲಿ
ದಾರಿಯಲ್ಲಿ ಹತ್ತರ ನೋಟು ಸಿಕ್ಕ ಹುಡುಗಿಯ ಕಳ್ಳನಗು.

ಬರೆಯಲು ಶುರುಮಾಡಿದ್ದು ಐವತ್ತಮೂರಕ್ಕೆ.
ಉದಯೋನ್ಮುಖ ಲೇಖಕಿ ಎಂದು ಯಾವುದೋ ಸ್ಪರ್ಧೆಯವರು ಬರೆದಾಗ
ಕನ್ನಡಿಯ ಮುಂದೆ ನಿಂತು ಕೇಳಿದಳು:
ಎಲ್ಲಿಂದ ಉದಯ, ಈ ಮೊಣಕಾಲಿಂದಲಾ?

ಮೊದಲ ವರ್ಷ ಎಲ್ಲ ಮುಳುಗಿದವರ ಕತೆ.
ಈ ಊರಲ್ಲಿ ಅವರಿಗೆ ಬರವಿಲ್ಲ.
ಬೂಟಿನ ತುಂಬ ನೀರು ಹೊತ್ತು ಮೆಟ್ಟಿಲೇರುವ ಗಂಡ,
ನಲ್ಲಿಯೊಳಗಿಂದ ಹೆಸರು ಹಿಡಿದು ಕರೆಯುವ ತಮ್ಮ,
ಉಪ್ಪು ತಿಂದು ಬೆಳೆಯುವ ಕೋಟು.
ಕೋಟಿನ ಕತೆ ನನಗೆ ಇಷ್ಟವಾಗಿತ್ತು.
ಹತ್ತೊಂಬತ್ತು ಕಡೆಯಿಂದ ವಾಪಸು ಬಂತು.
ಒಬ್ಬ ಸಂಪಾದಕಿ ಮಾತ್ರ ಎರಡು ಸಾಲು ಬರೆದಳು:
ಮುಳುಗಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.
ನಿಮಗೆ ನಿಜಕ್ಕೂ ಯಾರ ಭಯ?

ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು
ಆರು ವಾರ ಏನೂ ಬರೆಯಲಿಲ್ಲ.
ಪರದೆ ಒಗೆದಳು. ಒಲೆಯ ಹಿಂದಿನ ಜಿಡ್ಡು ಕೆರೆದಳು.
ನಾನು ಸುಮ್ಮನಿದ್ದೆ. ಬಸ್ಸು ಓಡಿಸುವವನಿಗೆ ಗೊತ್ತು,
ಕೆಲವರು ನಿಲ್ದಾಣದಲ್ಲಿ ನಿಂತೇ ಇರುತ್ತಾರೆ,
ಬಾಗಿಲು ತೆರೆದರೂ ಹತ್ತುವುದಿಲ್ಲ.

ಆಮೇಲೊಂದು ಭಾನುವಾರ, ಆಲೂಗಡ್ಡೆ ಸುಲಿಯುತ್ತಿದ್ದವಳು
ಚಾಕು ಕೆಳಗಿಟ್ಟು ಬರೆಯತೊಡಗಿದಳು
ಮುಳುಗದವನ ಕತೆ.

ಅವನು ಮೂರು ವಾರಕ್ಕೊಮ್ಮೆ
ಐಸ್‌ಲ್ಯಾಂಡಿನ ಕಡಲಿಂದ ಮನೆಗೆ ಬರುತ್ತಾನೆ, ಜೀವಂತ.
ಗೇಟಿನ ಹತ್ತಿರ ಕೆಮ್ಮುತ್ತಾನೆ, ಎರಡು ಸಲ.
ಮಕ್ಕಳಿಗೆ ಮಿಠಾಯಿ ತಂದಿದ್ದಾನೆ.
ಕೂತು ಬ್ರೆಡ್ಡಿನ ಹೋಳು ಎಣಿಸುತ್ತಾನೆ.
ಅಷ್ಟೆ. ದೆವ್ವವಿಲ್ಲ, ನೆತ್ತರಿಲ್ಲ.
ಇಬ್ಬರು ಹುಡುಗಿಯರು ಮೆಟ್ಟಿಲ ಕೆಳಗಿನ ಕತ್ತಲಲ್ಲಿ
ಬಿರುಗಾಳಿ ಬರಲಿ ದೇವರೇ ಎಂದು ಬೇಡುತ್ತಾರೆ.
ಕೊನೆಯ ಸಾಲು ರೇಡಿಯೋದ ಹವಾಮಾನ ವರದಿ:
ಸಮುದ್ರ ಶಾಂತ.

ಓದಿ ಮುಗಿಸಿ ನಾನು ಎದ್ದು ಹೋಗಿ
ಗೇಟಿಗೆ ಅಗಳಿ ಹಾಕಿ ಬಂದೆ.
ಮೂವತ್ತು ವರ್ಷ ಒಟ್ಟಿಗೆ ಉಂಡಿದ್ದೇವೆ.
ಬ್ರೆಡ್ಡಿನ ಕೊನೆಯ ಹೋಳನ್ನು ಅವಳು ಯಾಕೆ ಮುಟ್ಟುವುದಿಲ್ಲವೆಂದು
ಒಮ್ಮೆಯೂ ಕೇಳಿರಲಿಲ್ಲ.

ಕತೆ ಅಚ್ಚಾಯಿತು. ಹನ್ನೊಂದು ಪೌಂಡು ಬಂತು.
ಅದರಲ್ಲಿ ಇಬ್ಬರಿಗೂ ಸೇರಿ ಒಂದು ಪೊಟ್ಟಣ
ಕರಿದ ಹ್ಯಾಡಕ್ ಮೀನು ಬಂತು, ವಿನೆಗರ್ ಪುಕ್ಕಟೆ.
ಕಡಲಗೋಡೆಯ ಮೇಲೆ ಕೂತು ತಿಂದೆವು.
ಗಾಳಿಗೆ ಪೊಟ್ಟಣ ಹಾರದಂತೆ
ಪತ್ರಿಕೆಯನ್ನೇ ಅದರ ಮೇಲೆ ಒತ್ತಿಟ್ಟಳು ಮಹಾರಾಯ್ತಿ.
ಎಣ್ಣೆಯ ದುಂಡು ಕಲೆ ಇನ್ನೂ ಇದೆ, ಲಿನೆಟ್ ಎಂಬ ಹೆಸರಿನ ಮೇಲೆ.

ಮಂಗಳವಾರ ರಾತ್ರಿ ಲಿಂಕನ್ನಿಂದ ಅಕ್ಕ ಜಾನಿಸ್ ಫೋನು ಮಾಡಿದಳು,
ನಾಲ್ಕು ವರ್ಷದಿಂದ ಮಾತು ಬಿಟ್ಟವಳು.
ಬೈಗುಳವೋ, ವಕೀಲನ ಹೆಸರೋ ಎಂದು
ನಾನು ಟೀವಿಯ ದನಿ ತಗ್ಗಿಸಿದೆ.
ಬಹಳ ಹೊತ್ತು ಆ ಕಡೆ ಬರೀ ಉಸಿರು.
ಆಮೇಲೆ, ನನಗೂ ಕೇಳುವಷ್ಟು ಸ್ಪಷ್ಟವಾಗಿ:

ಕೆಮ್ಮು ಮೂರು ಸಲ ಕಣೇ, ಎರಡಲ್ಲ.

ಲಿನೆಟ್ ನನ್ನತ್ತ ತಿರುಗಿ
ಗಾಳಿಯಲ್ಲಿ ಬೆರಳಾಡಿಸಿ
ಪೆನ್ಸಿಲು ಕೊಡು ಎಂದು ಸನ್ನೆ ಮಾಡಿದಳು.