ಸಮುದ್ರದಲ್ಲಿ ಒಂದು ದಿನ

ಬಂದರಿನ ಹಳೇ ಗೋದಾಮಿನ ಮಾಳಿಗೆಯಲ್ಲಿ ನಮ್ಮ ಆಫೀಸು.
ಕೆಳಗೆ ಒಣಮೀನು, ಮೇಲೆ ನಾವು,
ದೊಡ್ಡ ಹಡಗುಗಳ ಕಾಗದಪತ್ರ ನೋಡುವವರು.
ಸೋಮವಾರ ಬಂದ ಪಟ್ಟಿಯಲ್ಲಿ
ಶುಕ್ರವಾರದ ಎದುರು ದ್ವೀಪದ ಹೆಸರಿಲ್ಲ.
ಆ ಜಾಗದಲ್ಲಿ ಬರೆದಿದೆ:
ಸಮುದ್ರದಲ್ಲಿ ಒಂದು ದಿನ.

ಕಾರಣ ಅಡಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ:
ಚಂಡಮಾರುತದಿಂದ ಜೆಟ್ಟಿಗೆ ಹಾನಿ,
ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ, ವಿಷಾದಿಸುತ್ತೇವೆ.
ಅದಕ್ಕೂ ಕೆಳಗೆ ನಮಗೆ ಬೇಕಾದದ್ದು:
ಗುರುವಾರ ಪಣಂಬೂರಿನಿಂದ ಸಂಜೆ ಐದಕ್ಕೆ ಹೊರಡಬೇಕಾದ ಹಡಗು
ಇನ್ನು ರಾತ್ರಿ ಹತ್ತೂವರೆಗೆ.

ಐದೂವರೆ ಗಂಟೆ ಹೆಚ್ಚು!
ಸಿಪ್ರಿಯನ್ ಸಾಹೇಬರು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
ನಾನು ಫೋನು ಹಚ್ಚಿದೆ.
"ಎಂತ ಮಾರಾಯ್ರೇ, ನಿಜವಾ?" ಎಂದ ಚೆನ್ನಪ್ಪ ಸಾಲ್ಯಾನ್,
ಹದಿನಾರು ಟ್ಯಾಕ್ಸಿಗಳ ಧಣಿ,
"ಹಾಗಾದರೆ ಮೂಡಬಿದಿರೆ ಮುಗಿಸಿ
ಕಾರ್ಕಳವೂ ಒಂದು ತೋರಿಸಿಯೇ ಬಿಡುವ."
ಚೆಂಡೆಯವರದೊಂದೇ ಪ್ರಶ್ನೆ:
ಬರುವಾಗ ಮಾತ್ರವಾ, ಹೋಗುವಾಗಲೂ ಬಾರಿಸುವುದಾ?
ನಾನೂ ಕ್ಯಾಲೆಂಡರಿನ ಬೆನ್ನಿಗೆ
ಓವರ್‌ಟೈಮಿನ ಲೆಕ್ಕ ಬರೆದೆ.
ಬಚ್ಚಿಡುವುದೇನು, ಫ್ರಿಜ್ಜಿನ ಮೂರು ಕಂತು ಬಾಕಿ ಉಂಟು.

ಹನ್ನೊಂದಕ್ಕೆ ಮರದ ಮೆಟ್ಟಿಲಲ್ಲಿ ಬರಿಗಾಲ ಸದ್ದು.
ಪೂಕೋಯ. ಮಂಜಿಯಲ್ಲಿ ಬಂದಿದ್ದ,
ಎರಡು ರಾತ್ರಿ, ಒಂದು ಹಗಲು.
ತೆಂಗಿನಕಾಯಿ ತಂದಿರಲಿಲ್ಲ ಈ ಸಲ.
"ಮರಗಳೆಲ್ಲ ಮಲಗಿವೆ" ಎಂದ,
ಜ್ವರ ಬಂದ ಮಕ್ಕಳ ಬಗ್ಗೆ ಹೇಳುವ ಹಾಗೆ.

ಚೌತಿಯ ಮರುದಿನ ಹಮ್ಮಬ್ಬನ ಅಂಗಡಿಯಿಂದ
ನಲವತ್ತು ಜಾಕೆಟ್, ಕಿತ್ತಳೆ ಬಣ್ಣದ್ದು,
ಸಾಲಕ್ಕೆ ಒಯ್ದಿದ್ದ ಇವನು.
ಹಡಗು ಹೊರಗೆಲ್ಲೋ ಲಂಗರು ಹಾಕುತ್ತದೆ,
ಜನರನ್ನು ದೋಣಿಯಲ್ಲಿ ಜೆಟ್ಟಿಗೆ ತರಬೇಕು,
ತಲೆಗೆ ಇಷ್ಟು ಅಂತ ದುಡ್ಡು.
ಒಬ್ಬ ಪ್ರಯಾಣಿಕನ ಮೈಗೂ ಏರಲಿಲ್ಲ.
"ಆದರೂ ಬೇಕಾಯಿತು" ಎಂದ.
"ಶಾಲೆಯ ಮಾಡು ಮಾತ್ರ ಹಾರಿರಲಿಲ್ಲ.
ನಾಲ್ಕು ರಾತ್ರಿ ಎಲ್ಲರೂ ಅಲ್ಲೇ.
ಮಕ್ಕಳಿಗೆ ದಿಂಬಾಯಿತು."

ಮುಂದಿನ ಹಡಗು ನಮ್ಮಲ್ಲಿಗೆ ಯಾವಾಗ?
ಪಟ್ಟಿಯನ್ನು ಅವನ ಕಡೆಗೆ ತಿರುಗಿಸಿದೆ.
ಡಿಸೆಂಬರ್, ಜನವರಿ, ಮಾರ್ಚಿನ ತನಕ
ಬೆರಳು ಇಳಿಯುತ್ತಾ ಹೋಯಿತು,
ಪ್ರತಿ ಶುಕ್ರವಾರದಲ್ಲೂ ಒಂದೇ ಮಾತು.
"ಸಮುದ್ರದಲ್ಲಿ ಒಂದು ದಿನ ಅಂದರೆ ಎಂತ?"
ಎಲ್ಲಿಯೂ ನಿಲ್ಲುವುದಿಲ್ಲ ಅಂತ, ಎಂದೆ.
ಮೇಲೆ ಈಜುಕೊಳ ಇರುತ್ತದೆ, ಮಧ್ಯಾಹ್ನ ಸಂಗೀತ.
"ನಮ್ಮ ಹತ್ತಿರದಿಂದ ಹೋಗುತ್ತದಾ?"
ನಕ್ಷೆಯಲ್ಲಿ ಅಡಿಕೋಲು ಇಟ್ಟೆ. ಆರು ಮೈಲಿ.
"ಹಾಗಾದರೆ ಮನೆಯಿಂದಲೇ ಕಾಣುತ್ತದೆ.
ಮೊದಲು ತೆಂಗು ಅಡ್ಡ ಬರುತ್ತಿತ್ತು."

ಗುರುವಾರ ಹಡಗು ಬಂತು, ಎಂಟು ಮಾಳಿಗೆಯ ಬಿಳಿ ಊರು.
ಮಲ್ಲಿಗೆ ಹಾಕಿದೆವು, ಚೆಂಡೆ ಎರಡು ಸಲ ಬಾರಿಸಿತು,
ಗೇರುಬೀಜ ಸಂಜೆಗೇ ಮುಗಿದುಹೋಯಿತು.
ಒಬ್ಬಳು ಮುದುಕಿ ಹಳೆಯ ಕೈಹೊತ್ತಗೆ ಬಿಡಿಸಿ
ನೀಲಿ ನೀರಿನ ಚಿತ್ರದ ಮೇಲೆ ಬೆರಳಿಟ್ಟಳು:
ಇದು ಯಾಕೆ ಇಲ್ಲ?
ಗಾಳಿ, ಎಂದೆ.
ಓ, ಎಂದು ಮಡಚಿ ಇಟ್ಟುಕೊಂಡಳು.

ಕಡತ ಇಡಲು ಆಫೀಸಿಗೆ ಮರಳುವಾಗ ಹನ್ನೊಂದೂವರೆ.
ದಕ್ಕೆಯಲ್ಲಿ ಮಂಜಿ ಇನ್ನೂ ತುಂಬುತ್ತಿತ್ತು:
ಸಿಮೆಂಟು, ಜಲ್ಲಿ, ತಗಡು, ನೀರುಳ್ಳಿ.
ಅದು ಯಾರ ಪಟ್ಟಿಯಲ್ಲೂ ಇಲ್ಲ,
ಉಬ್ಬರ ಏರಿದಾಗ ಅಳಿವೆ ದಾಟುತ್ತದೆ.
ಹಮ್ಮಬ್ಬ ಕಾಯುತ್ತೇನೆ ಅಂದನಂತೆ,
ಬಡ್ಡಿಯ ಮಾತು ಎತ್ತಲಿಲ್ಲವಂತೆ, ಬೇಕು ಅಂತಲೂ, ಬೇಡ ಅಂತಲೂ.
ಪಡುವಣದಲ್ಲಿ ಹಡಗಿನ ದೀಪಗಳು
ಒಂದು ಮುಷ್ಟಿಯಷ್ಟಾಗಿದ್ದವು.

ಜೆಟ್ಟಿ ಇಲ್ಲದೆ ಇದನ್ನೆಲ್ಲ ಇಳಿಸುವುದು ಹೇಗೆ?
"ತಲೆಯ ಮೇಲೆ" ಎಂದ ಪೂಕೋಯ, ಹಗ್ಗ ಬಿಚ್ಚುತ್ತಾ.
"ಎದೆಮಟ್ಟ ನೀರು. ಸಾಲಾಗಿ ನಿಂತು ಕೈಯಿಂದ ಕೈಗೆ.
ಜಾಕೆಟ್ ಹೇಗೂ ಉಂಟಲ್ಲ, ನಲವತ್ತು."